ಅರ್ಜಿಯ ಕೊನೆಯ ಸಾಲು

“ಸಾಯೋದಕ್ಕೂ ಮೂರು ಜೆರಾಕ್ಸ್ ಬೇಕಾ?”

ನಿಜಾಮುದ್ದೀನ್ ಹಾಗೆ ಕೇಳಿದ್ದು ನನ್ನನ್ನಲ್ಲ. ನಾನು ಅವನ ಅಂಗಡಿಯ ಹೊರಗೆ ಮೆಟ್ಟಿಲ ಮೇಲೆ ಕೂತು ಶಾಯಿ ಪ್ಯಾಡಿಗೆ ನಾಲ್ಕು ಹನಿ ಶಾಯಿ ಬಿಡುತ್ತಿದ್ದೆ. ಒಳಗೆ ಅವನನ್ನು ಬಿಟ್ಟರೆ ಯಾರೂ ಇರಲಿಲ್ಲ. ಮೆಷಿನ್ನಿನಿಂದ ಬಂದ ಬಿಸಿ ಹಾಳೆಯನ್ನು ಓದಿ, ಎದುರಿನ ಗೋಡೆಯನ್ನು ನೋಡಿಕೊಂಡು ಕೇಳಿದ. ಆಮೇಲೆ ಉಳಿದೆರಡು ಪ್ರತಿ ತೆಗೆದು, ಪಿನ್ನು ಹೊಡೆದು, ಕಿಟಕಿಯಿಂದ ನನ್ನ ಕಡೆ ಚಾಚಿದ. ನಾನು ಕೈಚಾಚಿ ತೆಗೆದುಕೊಂಡೆ. ಹೆಚ್ಚು ಮಾತಾಡುವ ಅಭ್ಯಾಸ ನನಗಿಲ್ಲ. ಕೇಳುವುದು ಅಭ್ಯಾಸ.

ಕೊಪ್ಪದ ತಾಲ್ಲೂಕು ಕಚೇರಿಯ ಎದುರಿನ ಸಾಲಿನಲ್ಲಿ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಮೊದಲು ಬಾಳೆಹೊನ್ನೂರಿನ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದೆ. ಆ ಕೆಲಸ ಬಿಟ್ಟರೂ ಹೆಸರು ಬಿಡಲಿಲ್ಲ. ಊರಿಗೆಲ್ಲ ನಾನು ರೈಟ್ರು. ಖಾತೆ ಬದಲಾವಣೆ, ಪಡಿತರ ಚೀಟಿ, ವಿಧವಾ ವೇತನ, ದಾರಿ ತಕರಾರು ಹೀಗೆ ಎಲ್ಲಕ್ಕೂ ನನ್ನ ಕೈಬರಹ. ಕಂಪ್ಯೂಟರು ಬಂದಮೇಲೂ ಜನ ನನ್ನ ಮೇಜಿಗೇ ಬರುತ್ತಿದ್ದರು. ಬರೆದು ಮುಗಿಸಿದ ಮೇಲೆ ನಾನು ಅರ್ಜಿಯನ್ನು ಗಟ್ಟಿಯಾಗಿ ಓದಿ ಕೇಳಿಸುತ್ತಿದ್ದೆ. ಅದನ್ನು ಕೇಳಿ ಕಣ್ಣೊರೆಸಿಕೊಳ್ಳದೆ ಎದ್ದವರು ಕಡಿಮೆ.

ಅದು ನನಗೆ ಬಂದದ್ದು ನಮ್ಮ ತಂದೆಯವರಿಂದ. ಸಂಜೆ ದೀಪ ಹಚ್ಚಿದ ಮೇಲೆ ಅವರು ಜಗಲಿಯಲ್ಲಿ ಕಾವ್ಯ ವಾಚನ ಮಾಡುತ್ತಿದ್ದರು. ಅರ್ಥ ತಿಳಿಯುವ ಮೊದಲೇ ಆ ಪದ್ಯಗಳ ನಡೆ ನನ್ನ ಮೈಗೆ ಹತ್ತಿತ್ತು. ಪದ್ಯದ ಕಡೆಯ ಅರ್ಧ ಸಾಲಿಗೆ ಬಂದಾಗ ಅವರ ದನಿ ನಿಧಾನವಾಗಿ ಇಳಿಯುತ್ತಿತ್ತು, ಕೂತವರ ಕೈಗಳು ತಾವಾಗಿಯೇ ಜೋಡಿಯಾಗುತ್ತಿದ್ದವು. ಕಡೆಯ ಸಾಲು ಎದೆಗೆ ತಾಗಬೇಕು, ಇಲ್ಲದಿದ್ದರೆ ಅಷ್ಟು ಹೊತ್ತು ಹಾಡಿದ್ದೆಲ್ಲ ದಂಡ ಎನ್ನುತ್ತಿದ್ದರು. ಅವರು ಹೇಳಿದ್ದು ದೇವರ ಕಥೆಯ ವಿಚಾರ. ನಾನು ಅದನ್ನು ಅರ್ಜಿಗೆ ತಂದೆ.

ನನ್ನ ಕಡೆಯ ಸಾಲು ಯಾವಾಗ ಶುರುವಾಯಿತೋ ನೆನಪಿಲ್ಲ. ಯಾರೋ ಒಬ್ಬರ ಜಮೀನಿನ ಅರ್ಜಿ ಮೂರು ವರ್ಷ ಅಲ್ಲಾಡದೆ ಕೂತಾಗ, “ಇಲ್ಲವಾದಲ್ಲಿ ನನಗೆ ದಯಾಮರಣಕ್ಕೆ ಅನುಮತಿ ನೀಡಬೇಕು” ಎಂದು ಸೇರಿಸಿ ರಾಷ್ಟ್ರಪತಿಯವರಿಗೊಂದು ಪ್ರತಿ ಹಾಕಿಸಿದೆ. ಫೈಲು ಹದಿನೈದು ದಿನದಲ್ಲಿ ಎದ್ದು ಓಡಾಡಿತು. ಆಮೇಲೆ ಅದು ರೂಢಿಯಾಯಿತು. ಬೇಲಿ ಜಗಳಕ್ಕೂ ಬರೆದೆ, ಚರಂಡಿಗೂ ಬರೆದೆ. ಹೀಗೆ ನಲವತ್ತಾದರೂ ಆಗಿರಬೇಕು. ಅವರಲ್ಲಿ ಯಾರಿಗೂ ಸಾಯುವ ಯೋಚನೆ ಇರಲಿಲ್ಲ. ಬರೆಸಿಕೊಂಡು ನೇರ ಹೋಟೆಲಿಗೆ ಹೋಗಿ ಗೋಳಿಬಜೆ ತಿನ್ನುವವರೇ.

ಶುಕ್ರವಾರ ಶುಕ್ರವಾರ ಶೃಂಗೇರಿಗೆ ಹೋಗಿ ಶಾರದಮ್ಮನ ಎದುರು ನಿಲ್ಲುವ ನನಗೆ, ಜೀವ ನಾವು ಬೇಡಿ ತಂದದ್ದಲ್ಲ, ಬೇಡಿ ಹಿಂದಿರುಗಿಸುವಂಥದ್ದೂ ಅಲ್ಲ ಎಂಬುದರಲ್ಲಿ ಎಂದೂ ಅನುಮಾನ ಬಂದದ್ದಿಲ್ಲ. ಆದರೂ ಬರೆಯುತ್ತಿದ್ದೆ. ದೇವರಿಗೆ ಆಡುವ ಮಾತು ಬೇರೆ, ಸರ್ಕಾರಕ್ಕೆ ಆಡುವ ಮಾತು ಬೇರೆ ಎಂದುಕೊಂಡಿದ್ದೆ.

ಆ ದಿನ ನಿಜಾಮುದ್ದೀನ್ ಜೆರಾಕ್ಸ್ ಮಾಡಿದ ಅರ್ಜಿ ವಾಸಪ್ಪನದು.

ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟನಾಗಿದ್ದ ವಾಸಪ್ಪನ ದನಿ ಕೇಳದವರು ಆಗ ಊರಲ್ಲಿ ಇರಲಿಲ್ಲ. “ಜಯಪುರ ಶೃಂಗೇರಿ ಶೃಂಗೇರಿ ಶೃಂಗೇರೀ” ಎಂದು ಅವನು ಕೂಗಿದರೆ ನನ್ನ ಮೇಜಿನವರೆಗೆ ಕೇಳುತ್ತಿತ್ತು. ನವರಾತ್ರಿಯಲ್ಲಿ ನಾನು ಶೃಂಗೇರಿಯ ಛತ್ರವೊಂದರಲ್ಲಿ ನಡೆಯುವ ವಾಚನಕ್ಕೆ ಹೋಗುತ್ತೇನೆಂದು ಅವನಿಗೆ ಗೊತ್ತು. ಅಲ್ಲಿಯ ಏಜೆಂಟನಿಗೆ ಫೋನು ಮಾಡಿ, “ನಮ್ಮ ರೈಟ್ರು ಪದ್ಯ ಕೇಳ್ತಾ ಕೂತಿರ್ತಾರೆ, ಅವರು ಹತ್ತದೆ ಕಡೇ ಬಸ್ಸು ಬಿಡ್ಬೇಡ ಮಾರಾಯ” ಎನ್ನುತ್ತಿದ್ದ. ಒಂಬತ್ತು ವರ್ಷ ಆ ಬಸ್ಸು ನನಗಾಗಿ ಐದೈದು ನಿಮಿಷ ನಿಂತಿದೆ.

ಎರಡು ಸಾವಿರದ ಏಳರ ಬೇಸಿಗೆಯಲ್ಲಿ, ಬಸ್ಸಿನ ಟಾಪಿನ ಮೇಲೆ ಮದುವೆಮನೆಯ ಪಾತ್ರೆ ಬಿಗಿಯುತ್ತಿದ್ದಾಗ ಹಗ್ಗ ಕಿತ್ತುಬಂದು ಅವನು ಹಿಂದಕ್ಕೆ ಬಿದ್ದ. ಕತ್ತಿನ ಮೂಳೆ ಮುರಿಯಿತು. ಮಂಗಳೂರಿನಿಂದ ತಿರುಗಿ ಬಂದಾಗ ಕತ್ತಿನಿಂದ ಕೆಳಗೆ ಏನೂ ಅವನ ಮಾತು ಕೇಳುತ್ತಿರಲಿಲ್ಲ, ಚಿವುಟಿದರೂ ತಿಳಿಯುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ನನ್ನ ಮೇಜಿನಿಂದ ಐದು ನಿಮಿಷದ ದಾರಿ. ಹದಿನಾಲ್ಕು ತಿಂಗಳಲ್ಲಿ ನಾನು ಒಮ್ಮೆಯೂ ಹೋಗಲಿಲ್ಲ. ನಾಳೆ ಹೋದರಾಯಿತು ಎಂದುಕೊಳ್ಳುತ್ತಿದ್ದೆ.

ಅವನ ಹೆಂಡತಿ ಭೈರಮ್ಮನೇ ನನ್ನ ಮೇಜಿಗೆ ಬಂದಳು. ನರಸಿಂಹರಾಜಪುರದ ಕಡೆಯ ಹೆಣ್ಣುಮಗಳು, ಮಾತು ಕಡಿಮೆ.

“ಅಂಗವಿಕಲರ ವೇತನಕ್ಕೂ ಒಂದು ಗಾಲಿಕುರ್ಚಿಗೂ ಹಾಕಿದ್ವಿ ರೈಟ್ರೇ. ಚಿಕ್ಕಮಗಳೂರಿಗೆ ಶಿಬಿರಕ್ಕೆ ಕರ್ಕೊಂಡು ಬನ್ನಿ, ಡಾಕ್ಟ್ರು ನೋಡ್ಬೇಕು ಅಂತಾರೆ. ಮಲಗಿದೋರನ್ನ ಹೆಂಗೆ ಕರ್ಕೊಂಡು ಹೋಗೋದು? ಕುರ್ಚಿ ಬಂದ್ರೆ ಬಸ್‌ಸ್ಟ್ಯಾಂಡ್ ಮೂಲೆವರೆಗೆ ತಳ್ಕೊಂಡು ಹೋಗ್ಬಹುದು. ಅವ್ರಿಗೆ ಅಷ್ಟೇ ಆಸೆ.”

ನಾನು ಬರೆದೆ. ಇಷ್ಟು ದಿನ ಹೋಗದೆ ಇದ್ದುದಕ್ಕೆ ಈ ಅರ್ಜಿಯನ್ನಾದರೂ ಚೆನ್ನಾಗಿ ಬರೆಯಬೇಕೆಂದು ಬರೆದೆ. ಕಡೆಯ ಸಾಲು ತಾನಾಗಿ ಬಂತು: “ಕೂರಲೊಂದು ಕುರ್ಚಿ ಕೊಡಲಾಗದಿದ್ದರೆ, ಕಣ್ಣು ಮುಚ್ಚಲೊಂದು ಅಪ್ಪಣೆ ಕೊಡಿ, ನನಗೆ ದಯಾಮರಣವನ್ನಾದರೂ ದಯಪಾಲಿಸಿ.” ಗಟ್ಟಿಯಾಗಿ ಓದಿದೆ. ನನ್ನ ದನಿ ಎಲ್ಲಿ ಇಳಿಯಬೇಕೋ ಅಲ್ಲಿ ಇಳಿಯಿತು. ನನಗೆ ಒಳಗೊಳಗೇ ಸಂತೋಷವಾಯಿತು. ಅದನ್ನು ಈಗ ಬರೆಯುವುದಕ್ಕೂ ನಾಚಿಕೆಯಾಗುತ್ತದೆ.

ಭೈರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು, “ಆ ಕಡೇ ಮಾತು ಬೇಕಾ ರೈಟ್ರೇ?”

“ಅದಿಲ್ದೆ ಯಾರೂ ಓದೋದಿಲ್ಲ ತಾಯಿ. ಎಲ್ರಿಗೂ ಹಾಕ್ತೀನಿ. ಮಾತಿಗೆ ಅಷ್ಟೆ.”

ಶಾಯಿ ಪ್ಯಾಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊಟ್ಟೆ. ಗಂಡಸರದಾದರೆ ಎಡಗೈ ಹೆಬ್ಬೆಟ್ಟು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಉರುಳಿಸಬೇಕು, ಒತ್ತಿ ಹಿಡಿದರೆ ಗೆರೆ ಕಲಸಿಹೋಗುತ್ತದೆ ಎಂದು ತೋರಿಸಿಕೊಟ್ಟೆ. ಅವಳು ಮನೆಗೆ ಹೋಗಿ, ಕುರ್ಚಿಯ ಅರ್ಜಿ ಎಂದಷ್ಟೇ ಗಂಡನಿಗೆ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡು ಮರುದಿನ ತಂದಳು. ಗುರುತು ಬಹಳ ಚೆನ್ನಾಗಿ ಬಂದಿತ್ತು. ಅಲ್ಲಾಡದ ಕೈಯಲ್ಲವೇ.

ಹನ್ನೆರಡು ದಿನಕ್ಕೆ ಪತ್ರಿಕೆಯಲ್ಲಿ ಬಂತು. ಯಾರು ಕೊಟ್ಟರೋ ತಿಳಿಯದು. “ಕೊಪ್ಪದ ವ್ಯಕ್ತಿಯಿಂದ ದಯಾಮರಣಕ್ಕೆ ಅರ್ಜಿ” ಎಂಬ ತಲೆಬರಹದ ಕೆಳಗೆ ನನ್ನ ಸಾಲನ್ನು ಹಾಗೇ ಚೌಕಟ್ಟು ಕಟ್ಟಿ ಹಾಕಿದ್ದರು. ನಿಜಾಮುದ್ದೀನ್ ಪತ್ರಿಕೆ ಹಿಡಿದು ನನ್ನ ಮೇಜಿನ ಹತ್ತಿರ ಬಂದ.

“ಫೇಮಸ್ ಆದ್ರಲ್ಲ ಮಾರಾಯ್ರೆ! ಇನ್ನು ಯಮನ ಆಫೀಸಿಂದ ಟಪಾಲು ನೇರ ನಿಮ್ಮ ಟೇಬಲ್ಲಿಗೇ.”

“ಸುಮ್ನಿರು ನಿಜಾಮ.”

“ಸುಮ್ನೆ ಇರ್ತೀನಿ. ಒಂದು ಕೇಳ್ಲಾ? ನಮ್ಮಲ್ಲಿ ಸಾವು ಬೇಡೋದೇ ತಪ್ಪು. ನಿಮ್ಮಲ್ಲೂ ಹಂಗೇ ಅಲ್ವಾ?”

“ಹೌದು.”

“ಮತ್ತೆ ನಲವತ್ತು ಜನರ ಕೈಲಿ ಬೇಡಿಸಿದ್ರಲ್ಲ?”

ತಮಾಷೆಗೇ ಹೇಳಿದ. ಹೇಳಿ, ನನ್ನ ಮುಖ ನೋಡಿ, ಎರಡು ಚಹಾ ತರಿಸಿದ. ನನ್ನದು ಕುಡಿಯಲಾಗಲಿಲ್ಲ.

ಮುಂದಿನ ಶನಿವಾರ ಮಧ್ಯಾಹ್ನ ಊರಿನ ಸಂಘವೊಂದು ಚರ್ಚೆ ಇಟ್ಟಿತು. “ದಯಾಮರಣಕ್ಕೆ ಕಾನೂನಿನ ಒಪ್ಪಿಗೆ ಬೇಕೇ?” ಎಂಬುದು ವಿಷಯ. ಸಭಾಂಗಣ ತುಂಬಿತ್ತು. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಕೂರುವುದು, ಕೇಳುವುದು ನನಗೆ ಹೊಸದಲ್ಲ. ಆದರೆ ಅಂದಿನಷ್ಟು ಕಷ್ಟದಲ್ಲಿ ನಾನು ಏನನ್ನೂ ಕೇಳಿಲ್ಲ.

ನಿವೃತ್ತ ಮೇಷ್ಟ್ರೊಬ್ಬರು, ಪ್ರಾಣ ಕೊಟ್ಟವನೇ ಒಯ್ಯಬೇಕು ಎಂದರು. ನನ್ನ ಮನಸ್ಸಿನ ಮಾತೇ ಆದರೂ ತಲೆಯಾಡಿಸಲು ಧೈರ್ಯ ಬರಲಿಲ್ಲ. ಆಮೇಲೆ ದಿವ್ಯ ಎಂಬ ಕಾಲೇಜು ಹುಡುಗಿ ಎದ್ದು ನಿಂತಳು. ಕಾನೂನು ಬೇಕು ಎನ್ನುವವರ ಕಡೆಯವಳು. “ಈ ಊರಿನ ಒಬ್ಬ ಮನುಷ್ಯ ಏನು ಕೇಳಿದಾನೆ ಗೊತ್ತಾ?” ಎಂದು ನನ್ನ ಸಾಲನ್ನು ಹೇಳಿದಳು. ನೋಡಿಕೊಂಡು ಓದಲಿಲ್ಲ, ಬಾಯಿಪಾಠ ಮಾಡಿದ್ದಳು. ಕೂರಲೊಂದು ಕುರ್ಚಿ, ಕಣ್ಣು ಮುಚ್ಚಲೊಂದು ಅಪ್ಪಣೆ. ನಾನು ಬರೆಯುವಾಗ ಎಲ್ಲಿ ಉಸಿರು ತೆಗೆದುಕೊಂಡಿದ್ದೆನೋ ಅಲ್ಲೇ ಅವಳೂ ತೆಗೆದುಕೊಂಡಳು. ಜನ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದ ಹೆಂಗಸು ಮೂಗೊರೆಸಿಕೊಂಡಳು. ನಮ್ಮ ತಂದೆಯವರ ಜಗಲಿಯಲ್ಲಿ ಜೋಡಿಯಾಗುತ್ತಿದ್ದ ಕೈಗಳು ಇಲ್ಲಿ ಚಪ್ಪಾಳೆ ತಟ್ಟುತ್ತಿದ್ದವು. ನಾನು ತಲೆ ತಗ್ಗಿಸಿ ಚಪ್ಪಲಿ ನೋಡಿಕೊಂಡೆ.

ಆಮೇಲೆ ಒಬ್ಬ ವಕೀಲರು ಎದ್ದರು.

“ತಂಗಿ, ಅಯ್ಯೋ ಪಾಪ ಅನ್ಸೋದು ಬೇರೆ, ಕಾನೂನು ಬೇರೆ. ಆ ಮನುಷ್ಯ ಕೈ ಎತ್ತಲಾರ. ಎತ್ತಲಾರದವನ ಹೆಬ್ಬೆಟ್ಟನ್ನ ಯಾರು ಬೇಕಾದ್ರೂ ಒತ್ತಬಹುದು. ಇವತ್ತು ನೋವಿಗೆ ಅಂತ ಕೊಟ್ಟ ಅಪ್ಪಣೆ, ನಾಳೆ ನೋಡಿಕೊಳ್ಳೋರಿಗೆ ಬೇಜಾರು ಬಂತು ಅಂತ ಆಗ್ಬಹುದು. ಕೇಳಿದ್ದು ಅವನೇನಾ ಅಂತ ಯಾರು ಹೋಗಿ ನೋಡಿದೀರಿ?”

ಯಾರೂ ಹೋಗಿರಲಿಲ್ಲ. ಹುಡುಗಿ ಬಿಡಲಿಲ್ಲ.

“ಸರ್, ಹಂಗಾದ್ರೆ ‘ನಾನು ಬದುಕಬೇಕು’ ಅನ್ನೋದನ್ನ ಮಾತ್ರ ಅವನ ಪರವಾಗಿ ನೀವು ಹೇಳ್ಬಹುದಾ? ಅದನ್ನ ಅವನನ್ನ ಕೇಳಿದೀರಾ?”

ಸಭೆ ನಕ್ಕಿತು, ಮತ್ತೆ ಚಪ್ಪಾಳೆ. ನಾನು ಎದ್ದು, “ಆ ಸಾಲು ಅವನದಲ್ಲ, ನನ್ನದು” ಎನ್ನಬೇಕಿತ್ತು. ಅಷ್ಟೇ ಹೇಳಬೇಕಾದದ್ದು. ನನ್ನ ಬೆರಳ ತುದಿಯಲ್ಲಿ ಶಾಯಿ ಇತ್ತು. ಕೈಯನ್ನು ಪಂಚೆಯ ಮಡಿಕೆಯಲ್ಲಿ ಇಟ್ಟುಕೊಂಡು, ವಂದನಾರ್ಪಣೆ ಮುಗಿಯುವವರೆಗೂ ಕೂತೇ ಇದ್ದೆ.

ಸೋಮವಾರ ರೆವಿನ್ಯೂ ಇನ್ಸ್‌ಪೆಕ್ಟರ್ ಯಶವಂತ ನನ್ನ ಮೇಜಿಗೆ ಬಂದ. ವಯಸ್ಸಿನಲ್ಲಿ ಚಿಕ್ಕವನು, ಒಳ್ಳೆಯವನು.

“ರೈಟ್ರೇ, ಅರ್ಜಿ ಕೆಳಗೆ ‘ಬರೆದವರು’ ಅಂತ ನಿಮ್ಮ ಹೆಸರಿದೆ. ಮೇಲಿಂದ ವರದಿ ಕೇಳಿದಾರೆ. ಸ್ವಲ್ಪ ಬನ್ನಿ.”

ಹೀಗೆ ನಾನು ವಾಸಪ್ಪನ ಮನೆಯ ಹೊಸ್ತಿಲು ದಾಟಿದ್ದು. ಕಿಟಕಿಯ ಪಕ್ಕ ಮಂಚ. ಅವನ ಗಟ್ಟಿ ಮೈ ಹೊದಿಕೆಯ ಕೆಳಗೆ ಎಲ್ಲಿ ಹೋಗಿತ್ತೋ. ಡೆಟಾಲಿನ ವಾಸನೆ. ಮುಖ ಮಾತ್ರ ಹಾಗೇ ಇತ್ತು, ನುಣ್ಣಗೆ ಶೇವ್ ಮಾಡಿತ್ತು. ಭೈರಮ್ಮ ದಿನಾ ಮಾಡುತ್ತಾಳೆಂದು ಆಮೇಲೆ ತಿಳಿಯಿತು.

“ಓಹೋ, ರೈಟ್ರು,” ಎಂದ. “ವಾಚನ ಈಗ ಮುಗೀತಾ?”

ಯಶವಂತ ಸ್ಟೂಲಿನ ಮೇಲೆ ಕೂತು ಕಾಗದ ಬಿಡಿಸಿದ.

“ವಾಸಪ್ಪೋರೆ, ಬೇಜಾರು ಮಾಡ್ಕೋಬೇಡಿ, ಕೇಳಲೇಬೇಕು. ನೀವು ನಿಜವಾಗ್ಲೂ ಸಾಯ್ಬೇಕು ಅಂತ ಬರೆಸಿದ್ರಾ?”

“ಯಾರು?”

“ನೀವು.”

ವಾಸಪ್ಪನ ಕಣ್ಣು ಹೆಂಡತಿಯ ಕಡೆ ಹೊರಳಿತು. “ಕುರ್ಚಿಗೆ ಅಲ್ವೇನೇ ಹೆಬ್ಬೆಟ್ಟು ಒತ್ತಿದ್ದು?”

ಭೈರಮ್ಮ ಅಡುಗೆಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಪತ್ರಿಕೆ, ಚರ್ಚೆ, ಯಾವುದರ ಸುದ್ದಿಯೂ ಅವನ ಕಿವಿಗೆ ಬೀಳದಂತೆ ಅವಳು ನೋಡಿಕೊಂಡಿದ್ದಳು.

“ಓದಿ ರೈಟ್ರೇ,” ಎಂದ ವಾಸಪ್ಪ. “ನಿಮ್ಮ ಅಕ್ಷರ ತಾನೇ? ನೀವೇ ಓದಿ. ಊರಿಗೆಲ್ಲ ಓದ್ತೀರಲ್ಲ, ಹಂಗೇ ಓದಿ.”

ಓದಿದೆ. ಬೇಗ ಬೇಗ, ಚಪ್ಪಟೆಯಾಗಿ ಓದಿ ಮುಗಿಸೋಣವೆಂದುಕೊಂಡೆ. ಆದರೆ ಐವತ್ತು ವರ್ಷದ ಅಭ್ಯಾಸ, ಕಡೆಯ ಸಾಲಿಗೆ ಬಂದಾಗ ದನಿ ತಾನಾಗಿ ನಿಧಾನವಾಯಿತು, ತಾನಾಗಿ ಇಳಿಯಿತು. ಮಲಗಿದವನ ಎದುರಿಗೆ ಅವನ ಸಾವನ್ನು ರಾಗವಾಗಿ ಓದಿದೆ.

ಹೊರಗೆ ಯಾವುದೋ ಬಸ್ಸು ಹಾರನ್ ಹೊಡೆಯಿತು. ವಾಸಪ್ಪ ಅದು ನಿಲ್ಲುವವರೆಗೆ ಕಾದ.

“ಚೆನ್ನಾಗಿದೆ,” ಎಂದ. “ನಾನಾಗಿದ್ರೆ ಇಷ್ಟು ಚೆನ್ನಾಗಿ ಹೇಳಕ್ಕೆ ಬರ್ತಿರ್ಲಿಲ್ಲ.”

“ಎಲ್ರಿಗೂ ಹಾಕ್ತಾರಂತೆ ಕಣ್ರೀ,” ಎಂದಳು ಭೈರಮ್ಮ. “ಮಾತಿಗೆ ಅಂದ್ರು. ಕುರ್ಚಿ ಬರುತ್ತಲ್ಲ ಅಂತ ನಾನು...” ಅವಳು ಮುಗಿಸದೆ ಒಳಗೆ ಹೋದಳು.

ಯಶವಂತ ವಿವರಿಸಿದ. ವೇತನದ ಫೈಲು, ಕುರ್ಚಿಯ ಫೈಲು ಎರಡೂ ಈ ಅರ್ಜಿಯ ಜೊತೆ ಸೇರಿಹೋಗಿವೆ. ಡಾಕ್ಟರನ್ನು ಅವನೇ ಗುರುವಾರ ಮನೆಗೆ ಕರೆತರುತ್ತಾನೆ. ಆದರೆ ಸಾಯುವ ಮಾತು ತೀರ್ಮಾನವಾಗದೆ ಮಿಕ್ಕದ್ದು ಮುಂದೆ ಹೋಗುವಂತಿಲ್ಲ. “ಒಂದು ಹೇಳಿಕೆ ಸಾಕು. ನನಗೆ ಸಾಯುವ ಇಚ್ಛೆ ಇಲ್ಲ, ಬದುಕುವ ಇಚ್ಛೆ ಇದೆ, ಹಿಂದಿನ ಅರ್ಜಿ ತಿಳಿಯದೆ ಬರೆಸಿದ್ದು, ಅಂತ. ಹೆಬ್ಬೆಟ್ಟು ಹಾಕಿ ಕೊಟ್ರೆ ಮುಗೀತು.” ಹೊರಗೆ ಬಂದ ಮೇಲೆ ನನ್ನ ಕಡೆ ತಿರುಗಿ, “ನೀವೇ ಕಟ್ಟಿದ್ದು, ನೀವೇ ಬಿಚ್ಚಿ ರೈಟ್ರೇ. ನಾಳೆ ಸಂಜೆಯೊಳಗೆ ತಂದುಕೊಡಿ” ಎಂದ.

ಆ ಹೇಳಿಕೆಯನ್ನು ನಾನು ಐದು ಸಲ ಬರೆದೆ. ಒಂದೊಂದು ಸಲವೂ ಅದು ಚೆಂದವಾಗಿ ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ಕಡೆಗೆ ಯಶವಂತ ಹೇಳಿದ ಮಾತನ್ನೇ ಎರಡು ಸಾಲಿನಲ್ಲಿ ಬರೆದು, ಶಾಯಿ ಪ್ಯಾಡು ತೆಗೆದುಕೊಂಡು ಮರುದಿನ ಮಧ್ಯಾಹ್ನ ಹೋದೆ. ಭೈರಮ್ಮ ಗಂಡನಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು.

ನಾನು ಸ್ಟೂಲಿನ ಮೇಲೆ ಕೂತೆ. “ತಪ್ಪಾಯ್ತು ವಾಸಪ್ಪ,” ಎಂದೆ.

“ಎಂತದು ತಪ್ಪು?”

“ನೀನು ಆಡದ ಮಾತು ಬರೆದೆ.”

“ಆಡದ ಮಾತು ಅಂತ ನಿಮಗೆ ಯಾರು ಹೇಳಿದ್ದು?”

ಭೈರಮ್ಮನ ಚಮಚ ಬಟ್ಟಲಿಗೆ ತಾಗಿ ಸದ್ದಾಯಿತು.

“ಮೊದಲ ಮೂರು ತಿಂಗಳು ಇವಳ ಹತ್ರ ದಿನಾ ಅದನ್ನೇ ಕೇಳಿದೀನಿ,” ಎಂದ ವಾಸಪ್ಪ. “ಗಂಜಿ ಕೊಡ್ಬೇಡ, ಬಾಯಿ ಮುಚ್ಕೊಂಡು ಮಲಗ್ತೀನಿ, ಆಗೋದು ಆಗ್ಲಿ ಅಂತ. ಇವಳು ಒಂದಿನ ತಾನೂ ಊಟ ಬಿಟ್ಟು ಕೂತ್ಲು. ಎರಡನೇ ದಿನ ನಾನೇ ಸೋತೆ. ಅವತ್ತಿಂದ ಆ ಮಾತು ತೆಗ್ದಿಲ್ಲ. ಬಾಯಿಗೆ ಬಂದ್ರೂ ನುಂಗ್ತಿದ್ದೆ. ಒಂದು ವರ್ಷ ನುಂಗಿದೀನಿ ರೈಟ್ರೇ. ನನ್ನ ಹತ್ರ ಉಳ್ದಿದ್ದ ಕೆಲಸ ಅದೊಂದೇ. ಅದನ್ನ ನೀವು ಫೈಲು ಅಲ್ಲಾಡ್ಸಕ್ಕೆ ಹಾಕ್ಬಿಟ್ರಿ.”

ಅವನೇ ಮತ್ತೆ, ಸ್ವಲ್ಪ ಮೆತ್ತಗೆ ಹೇಳಿದ.

“ಈಗ ಸಾಯ್ಬೇಕು ಅನ್ಸುತ್ತಾ ಅಂದ್ರೆ, ಹೌದು, ಕೆಲವು ದಿನ. ಬೆನ್ನಿನ ಹುಣ್ಣು ತೊಳೆಯುವಾಗ ಇವಳು ಮುಖ ಆ ಕಡೆ ತಿರುಗಿಸ್ಕೊಂಡು ಅಳ್ತಾಳಲ್ಲ, ಆಗ ಅನ್ಸುತ್ತೆ. ಮೂರು ಗಂಟೆ ಶೃಂಗೇರಿ ಬಸ್ಸಿಗೆ ಹೊಸ ಏಜೆಂಟ ಕೂಗ್ತಾನೆ, ಕೇಳಿದೀರಾ? ಕುರಿ ಅರಚಿದಂಗೆ. ಅವ್ನಿಗೆ ಸರಿಯಾಗಿ ಕೂಗೋದು ಹೇಳ್ಕೊಡಕ್ಕಾದ್ರೂ ಇರ್ಬೇಕು ಅನ್ಸುತ್ತೆ. ಇದನ್ನೆಲ್ಲ ನಿಮ್ಮ ಎರಡು ಸಾಲಲ್ಲಿ ಬರೀತೀರಾ?”

“ಬರೆಯೋಕೆ ಬರೋದಿಲ್ಲ,” ಎಂದೆ.

“ಹಾಂ. ಒಂದಾದ್ರೂ ನಿಜ ಹೇಳಿದ್ರಿ.”

“ಆದ್ರೂ ಇದಕ್ಕೊಂದು ಗುರುತು ಹಾಕು ವಾಸಪ್ಪ. ನಿನ್ನ ಕುರ್ಚಿ ನಿಂತೋಗುತ್ತೆ. ಭೈರಮ್ಮನ್ನ ನೋಡು. ನನ್ನ ಮೇಲಿನ ಸಿಟ್ಟಿಗೆ ಅವಳಿಗೆ ಕಷ್ಟ ಕೊಡ್ಬೇಡ.”

“ಹಾಕ್ಬಿಡಿ ಅಂದ್ರೆ,” ಎಂದಳು ಭೈರಮ್ಮ. ಬೇಡಿಕೊಂಡಂತೆ ಇತ್ತು. “ಬದುಕ್ತೀನಿ ಅನ್ನಕ್ಕೆ ಎಂತ ಕಷ್ಟ?”

ವಾಸಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ. ಅವನು ಯೋಚಿಸುತ್ತಿದ್ದಾನೆ ಎಂದುಕೊಂಡೆ. ಮೂರು ಗಂಟೆಯ ಬಸ್ಸಿಗೆ ಹೊಸ ಏಜೆಂಟ ಕೂಗತೊಡಗಿದ್ದ. ಇಂಥ ಹೊತ್ತಿನಲ್ಲಿ ನನ್ನ ಕೈ ಏನು ಮಾಡುತ್ತದೆಂದು ನನಗಿಂತ ಅದಕ್ಕೇ ಹೆಚ್ಚು ಗೊತ್ತು. ಅನುಮಾನಿಸುವ ಕಕ್ಷಿದಾರನ ಹೆಬ್ಬೆಟ್ಟನ್ನು ಮೆಲ್ಲಗೆ ಎತ್ತಿ ಪ್ಯಾಡಿಗೆ ತಾಗಿಸಿದರೆ ಮಿಕ್ಕದ್ದು ತಾನಾಗಿ ಆಗುತ್ತದೆ. ಎಷ್ಟೋ ಸಾವಿರ ಬೆರಳು ಹಾಗೆ ಹಿಡಿದಿದ್ದೇನೆ. ಹೊದಿಕೆಯ ಅಂಚಿನಲ್ಲಿ ಅವನ ಎಡಗೈ ಇತ್ತು. ಎತ್ತಿದೆ. ತಣ್ಣಗಿತ್ತು, ಸ್ವಲ್ಪವೂ ತಡೆಯಲಿಲ್ಲ. ಪ್ಯಾಡಿಗೆ ತಾಗಿಸಿದೆ. ಅವನಿಗೆ ತಿಳಿಯಲಿಲ್ಲ. ಅವನು ಕಿಟಕಿಯನ್ನೇ ನೋಡುತ್ತಿದ್ದ.

ಭೈರಮ್ಮ ನೋಡಿದಳು. ಅವಳ ಬಾಯಿ ಸ್ವಲ್ಪ ತೆರೆದದ್ದು ಹಾಗೇ ನಿಂತಿತು. ಬೇಡ ಎಂದು ಹೇಳಲಿಲ್ಲ. ನಾನೂ ನಿಲ್ಲಿಸಲಿಲ್ಲ. ಈ ಸಲ ಅವನ ಒಳ್ಳೆಯದಕ್ಕೇ ಎಂದುಕೊಂಡೆ. ಮೊದಲ ಸಲವೂ ಹಾಗೇ ಅಂದುಕೊಂಡಿದ್ದೆ.

ಹೆಬ್ಬೆಟ್ಟು ಕಾಗದಕ್ಕೆ ಒಂದು ಬೆರಳಷ್ಟು ದೂರದಲ್ಲಿತ್ತು. ವಾಸಪ್ಪ ಹೆಂಡತಿಯ ಮುಖ ನೋಡಿದ. ಅಲ್ಲಿಂದ ಅವಳ ಕಣ್ಣು ನೆಟ್ಟ ಕಡೆಗೆ, ತನ್ನದೇ ಕೈಗೆ, ಅದರ ನೀಲಿ ತುದಿಗೆ, ಅದನ್ನು ಹಿಡಿದ ನನ್ನ ಬೆರಳುಗಳಿಗೆ ಅವನ ಕಣ್ಣು ಬಂತು.

ಬಸ್‌ಸ್ಟ್ಯಾಂಡಿಗೆಲ್ಲ ಕೇಳುತ್ತಿದ್ದ ಆ ದನಿಯಲ್ಲಿ ಎಷ್ಟು ಉಳಿದಿತ್ತೋ ಅಷ್ಟರಲ್ಲೇ ಅವನು ಹೇಳಿದ:

“ಒತ್ತಲ್ಲ ರೈಟ್ರೇ. ಸಾಯ್ತೀನಿ ಅಂತಲೂ ಒತ್ತಲ್ಲ, ಬದುಕ್ತೀನಿ ಅಂತಲೂ ಒತ್ತಲ್ಲ. ನನ್ನ ಕೈ ಬಿಡಿ.”